ನರಗುಂದದ ಕಥೆ ಹಬ್ಬಿದ ಬಗೆ

ನಿಜವಾಗಿ ನಡೆದ ಸಾವಿರ ಸಂಗತಿಗಳಲ್ಲಿ ಕೆಲವು ಮಾತ್ರ ಬಾಯಿಂದ ಬಾಯಿಗೆ, ಈಗ ಮೊಬೈಲಿನಿಂದ ಮೊಬೈಲಿಗೆ ಹಬ್ಬುವುದೇಕೆ ಎಂಬ ಪ್ರಶ್ನೆಗೆ, ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಲಿಯೊ ಪೋಸ್ಟ್‌ಮನ್ 1947ರಲ್ಲಿ ವದಂತಿಯನ್ನು ಕುರಿತು ಮಂಡಿಸಿದ ಸೂತ್ರ ಇಂದಿಗೂ ಉತ್ತರವಾಗಬಲ್ಲದು. ವಿಷಯದ ಮಹತ್ವ ಮತ್ತು ಸಂದಿಗ್ಧತೆ, ಅಂದರೆ ಇದಮಿತ್ಥಂ ಎನ್ನಲಾಗದ ಅಸ್ಪಷ್ಟತೆ, ಇವೆರಡರ ಗುಣಲಬ್ಧವೇ ವದಂತಿಯ ಬಲ; ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಸುದ್ದಿ ಹಬ್ಬದು.

ಗದಗ ಜಿಲ್ಲೆಯ ಎರಡು ಊರುಗಳ ಚರಿತ್ರೆಯಲ್ಲಿ ಈ ಸೂತ್ರವನ್ನು ಒರೆಗೆ ಹಚ್ಚಬಹುದು. ಟಿಪ್ಪು ಬಾದಾಮಿಯನ್ನು ಮರಾಠರಿಗೆ ಬಿಟ್ಟುಕೊಟ್ಟ 1787ರ ಗಜೇಂದ್ರಗಡದ ಒಪ್ಪಂದ ಸಣ್ಣದೇನಲ್ಲ. ಆದರೆ ಷರತ್ತುಗಳೆಲ್ಲ ಕಾಗದದ ಮೇಲೆ ಸ್ಪಷ್ಟವಾಗಿರುವುದರಿಂದ ಅದು ಚರಿತ್ರೆಯ ಪುಸ್ತಕಗಳಾಚೆ ಹೆಚ್ಚು ಸಾಗಲಿಲ್ಲ. ನರಗುಂದದ ಬಂಡಾಯದ ಹಾದಿಯೇ ಬೇರೆ. ದತ್ತಕಕ್ಕೆ ಒಪ್ಪಿಗೆ ಸಿಗದೆ ಕುದಿಯುತ್ತಿದ್ದ ನರಗುಂದದ ಅರಸ ಬಾಬಾಸಾಹೇಬ ಭಾವೆಯ ಕಡೆಯವರು 1858ರ ಮೇ 29ರ ರಾತ್ರಿ, ಸಂಸ್ಥಾನಗಳ ಮೇಲೆ ಕಣ್ಣಿಡಲು ಕಂಪನಿ ಸರ್ಕಾರ ನೇಮಿಸಿದ್ದ ಅಧಿಕಾರಿ, ಅಂದರೆ ಪೊಲಿಟಿಕಲ್ ಏಜೆಂಟ್, ಮ್ಯಾನ್ಸನ್‌ನನ್ನು ಸುರೇಬಾನದಲ್ಲಿ ಪಲ್ಲಕ್ಕಿಯೊಳಗೆ ಮಲಗಿದ್ದಾಗ ಕೊಂದರು. ಅವನ ರುಂಡ ನರಗುಂದದ ಅಗಸಿಯಲ್ಲಿ ತೂಗಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ದಾಖಲೆ ಹೇಳುವುದು ಇಷ್ಟು.

ಗುಡ್ಡದ ಮೇಲಿನ ನರಗುಂದದ ಕೋಟೆ ಅಷ್ಟು ಬೇಗ ಕಂಪನಿಯ ಕೈಸೇರಿದ್ದು ಹೇಗೆ, ಒಳಗಿನವರೇ ಮದ್ದಿನಲ್ಲಿ ಕಲಬೆರಕೆ ಮಾಡಿದರೆಂಬ ಮಾತು ನಿಜವೆ, ಮಲಪ್ರಭೆಗೆ ಹಾರಿ ಪ್ರಾಣಬಿಟ್ಟ ಅರಸನ ತಾಯಿ ಮತ್ತು ಹೆಂಡತಿ ಆ ದಡದಲ್ಲಿ ಏನು ಮಾತಾಡಿಕೊಂಡರು ಎಂಬಲ್ಲಿ ಮಾತ್ರ ಕಥೆ ತೆರೆದೇ ಉಳಿದಿದೆ. ಇದೇ ಅದರ ಜೀವ. ಡಪ್ಪು, ತುಂತುಣಿಯೊಂದಿಗೆ ಹಾಡುವ ಕಥನಗೀತೆಯಾದ ಲಾವಣಿಯಲ್ಲಿ ಈ ಕಥೆ ಕೇಳಿದವನು ದ್ರೋಹಿ ಯಾರೆಂದು ತಾನೇ ತೀರ್ಪು ಕೊಡಬೇಕಾಗುತ್ತದೆ. ತೀರ್ಪು ಕೊಟ್ಟವನು ಅದನ್ನು ಇನ್ನೊಬ್ಬನ ಮುಂದೆ ವಾದಿಸದೆ ಇರಲಾರ. ವಾದಿಸಬೇಕಾದರೆ ಕಥೆಯನ್ನು ಮೊದಲಿನಿಂದ ಹೇಳಲೇಬೇಕು. ವಿಡಿಯೊದ ಕೆಳಗೆ ನಡೆಯುವ ಜಗಳವೂ ಇದೇ ಜಾತಿಯದು, ವೇಗವಷ್ಟೇ ಹೆಚ್ಚು.

ಆದರೆ ಎಲ್ಲ ಅಸ್ಪಷ್ಟತೆಯೂ ಒಂದೇ ಅಲ್ಲ. ದಾಖಲೆ ಮೌನವಾಗಿರುವಲ್ಲಿ ನಿರೂಪಕನೂ ತಡೆಯುವುದು ಪ್ರಾಮಾಣಿಕತೆ, ಮತ್ತು ಒಳ್ಳೆಯ ಕಥನದ ಗುಣವೂ ಹೌದು. ತಿಳಿದಿರುವ ಹೆಸರು, ದಿನಾಂಕಗಳನ್ನು ಬೇಕೆಂದೇ ಬಚ್ಚಿಟ್ಟು, ಕೊನೆಗೆ ಏನಾಯಿತು ಗೊತ್ತೇ ಎಂಬ ತಲೆಬರಹ ಹಚ್ಚಿ ಕುತೂಹಲ ಕೆರಳಿಸುವುದು ಕೇಳುಗನಿಗೆ ಮಾಡುವ ವಂಚನೆ. ಎರಡೂ ಹಬ್ಬುತ್ತವೆ, ಹಬ್ಬಿದ ಮಾತ್ರಕ್ಕೆ ಎರಡನೆಯದು ಗೌರವಕ್ಕೆ ಅರ್ಹವಾಗದು. ನರಗುಂದ, ರೋಣ, ಗಜೇಂದ್ರಗಡದ ಓದುಗರು ಈ ಕಥೆಯನ್ನು ಫೋನಿನಲ್ಲಿ ಮುಂದಕ್ಕೆ ಕಳಿಸುವಾಗ ಸುರೇಬಾನ, ಮೇ 29, ಬೆಳಗಾವಿ, ಜೂನ್ 12 ಎಂಬಷ್ಟನ್ನಾದರೂ ಜೊತೆಗೆ ಬರೆಯಲಿ; ದ್ರೋಹದ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಡಲಿ.