ಮುರಕಲ್ಲಿನ ಮೇಲಿನ ಪುಟ್ಟ ದನಿ

ಕಪ್ಪೆ, ಹಾವು ನೋಡಬೇಕೆಂದರೆ ಎಲ್ಲರೂ ಮುಖ ಮಾಡುವುದು ಘಟ್ಟದ ಕಡೆಗೆ. 2005ರಲ್ಲಿ ರೊಮ್ಯುಲಸ್ ವಿಟೇಕರ್ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರುಮಾಡಿದರು. ಕಾಳಿಂಗ ಸರ್ಪದ ಮಾತು ಬಂದರೆ ಮೊದಲು ನೆನಪಾಗುವುದೇ ಆ ಊರು. ನಾನೂ ಅಲ್ಲಿಗೆ ಹೋಗುತ್ತೇನೆ. ಆದರೆ ಮುಂಗಾರು ಹಿಡಿದ ಮೊದಲ ವಾರ ಮಾತ್ರ ಬೈಂದೂರಿನ ಒತ್ತಿನೆಣೆ ಗುಡ್ಡ ಬಿಟ್ಟು ಕದಲುವುದಿಲ್ಲ.

ಬೇಸಗೆಯಲ್ಲಿ ಸೂರ್ಯಾಸ್ತಕ್ಕೆ ಜನ ಸೇರುವ ಗುಡ್ಡ ಆಗ ಖಾಲಿ. ಮುರಕಲ್ಲಿನ ತಗ್ಗುಗಳಲ್ಲಿ ಗೇಣುದ್ದ ನೀರು, ಅಂಚಿಗೆ ಆಗಷ್ಟೇ ಚಿಗುರಿದ ಹುಲ್ಲು. ಟಾರ್ಚ್ ಆರಿಸಿ ಕೂತರೆ ಮೊದಲು ಕೆಳಗಿನ ಗದ್ದೆಯಿಂದ ಗೂಳಿಕಪ್ಪೆಗಳ ದಪ್ಪ ದನಿ, ಪೊದೆಯಿಂದ ಮರಗಪ್ಪೆಯ ಟಕ್ ಟಕ್. ಕಿವಿ ಪಳಗಿದ ಮೇಲೆ ಕಾಲ ಬುಡದ ಹುಲ್ಲಿನಲ್ಲೇ ಕಿರ್ರೆನ್ನುವ ಸಣ್ಣ ದನಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಎಲ್ಲವೂ ಜೀರುಂಡೆ ಎಂದು ಎದ್ದುಬಿಡಬೇಡಿ.

ನಮ್ಮ ಜಿಲ್ಲೆಯ ಮಣಿಪಾಲದಲ್ಲಿ ಆದದ್ದೇ ಅದು. ಜೀರುಂಡೆಯದೆಂದು ತಳ್ಳಿಹಾಕಬಹುದಾಗಿದ್ದ ಸದ್ದನ್ನು ರಮಿತ್ ಸಿಂಗಾಲ್ ಮತ್ತು ಗೆಳೆಯರು ಬೆನ್ನುಹತ್ತಿದರು. ಸಿಕ್ಕಿದ್ದು ಹೆಬ್ಬೆರಳ ಉಗುರಿನಷ್ಟು, ಸುಮಾರು 1.6 ಸೆಂ.ಮೀ. ಉದ್ದದ ಕಪ್ಪೆ, ತಿಳಿಕಂದು ಮೈ, ಬೆನ್ನ ಮೇಲೆ ಕಪ್ಪು ಗುರುತು. ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮೊದಲಾದವರು ಜೊತೆಗೂಡಿ ಮೈಯ ಅಳತೆ, ಕೂಗು, ಡಿಎನ್‌ಎ ಮೂರನ್ನೂ ಪರೀಕ್ಷಿಸಿ, ಇದು ಹೊಸ ಪ್ರಭೇದವೆಂದು 2016ರಲ್ಲಿ ಪ್ರಕಟಿಸಿದರು. ಹೆಸರು ಮೈಕ್ರೋಹೈಲಾ ಲ್ಯಾಟರೈಟ್. ನಾವು ಮನೆಗೋಡೆಗೆ ಕಡಿಯುವ ಮುರಕಲ್ಲಿನದೇ ಹೆಸರು! ಎಂಥ ದಟ್ಟ ಕಾಡೂ ಅಲ್ಲ, ಊರಿನ ಮಗ್ಗುಲಿನ ಪಾರೆ ಕೊಟ್ಟ ಕಪ್ಪೆ ಇದು ಎಂಬುದೇ ನನಗೆ ದೊಡ್ಡ ಸಂತೋಷ.

ಕಪ್ಪೆಯ ಅಧ್ಯಯನದಲ್ಲಿ ಕಣ್ಣಿಗಿಂತ ಕಿವಿಯೇ ಮೊದಲು ಎಂದು ನಾನು ಹೇಳುವುದು ಇದಕ್ಕೇ. ನೋಡಲು ಅವಳಿಜವಳಿಯಂತಿರುವ ಎರಡು ಕಪ್ಪೆಗಳ ಕೂಗು ಬೇರೆಯಾಗಿರುತ್ತದೆ. ಹೆಣ್ಣು ಗಂಡನ್ನು ಗುರುತಿಸುವುದೂ ಆ ಕೂಗಿನಿಂದಲೇ. ಕಪ್ಪೆ ಸೇರಿದಲ್ಲಿಗೆ ನೀರೊಳ್ಳೆ ಹಾವೂ ಬರುತ್ತದೆ, ಕಾಲಿಡುವಾಗ ಎಚ್ಚರ.

ಸರ್ಕಾರಿ ಲೆಕ್ಕದಲ್ಲಿ ಇಂಥ ಪಾರೆಗಳು ಬಂಜರು. ಹಾಗಾಗಿ ಕಲ್ಲುಕೋರೆಗೂ ಕಸ ಸುರಿಯಲಿಕ್ಕೂ ಮೊದಲು ಕಣ್ಣಿಗೆ ಬೀಳುವುದು ಅವೇ. ಗೊದಮೊಟ್ಟೆಗೆ ಕಾಲು ಮೂಡಿ ದಡ ಹತ್ತುವವರೆಗೆ ಆ ತಗ್ಗಿನ ನೀರು ನಿಲ್ಲಬೇಕು, ಶುದ್ಧವಾಗಿರಬೇಕು. ಬಂಜರು ಎಂಬ ಮಾತು ತಪ್ಪು, ಅದನ್ನು ಬದಲಿಸಲೇಬೇಕು.

ಈ ಜೂನ್‌ನಲ್ಲಿ ನಿಮ್ಮ ಮನೆ ಹತ್ತಿರದ ಪಾರೆಗೆ ಒಂದು ರಾತ್ರಿ ಹೋಗಿ. ಕಪ್ಪೆಯನ್ನು ಮುಟ್ಟಬೇಡಿ. ಮೊಬೈಲಿನಲ್ಲಿ ಎರಡು ನಿಮಿಷ ಕೂಗು ಹಿಡಿದು, ದಿನ, ಹೊತ್ತು, ಜಾಗ ಬರೆದಿಟ್ಟುಕೊಳ್ಳಿ.