ಬೂಟಿನ ದರ ತರಗತಿಗೆ, ಅಳತೆ ಯಾರಿಗೆ?

ಒಂದರಿಂದ ಐದನೇ ತರಗತಿಯ ಮಗುವಿಗೆ 265 ರೂಪಾಯಿ, ಆರರಿಂದ ಎಂಟಕ್ಕೆ 295, ಒಂಬತ್ತು ಮತ್ತು ಹತ್ತಕ್ಕೆ 325. ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಕಾಲುಚೀಲ ಕೊಡಿಸಲು ರಾಜ್ಯ ಸರ್ಕಾರ ಇಟ್ಟ ದರ ಇದು. ಹಾಗಾಗಿ ಒಂದನೇ ತರಗತಿಗೆ ಈಗಷ್ಟೇ ಸೇರಿದ ಆರು ವರ್ಷದ ಹುಡುಗಿಗೂ ಐದನೇ ತರಗತಿಯ ಹನ್ನೊಂದು ವರ್ಷದ ಹುಡುಗನಿಗೂ ಒಂದೇ ರೊಕ್ಕ. ರಾಯಚೂರು ಜಿಲ್ಲೆಯಲ್ಲಿ ಗುಳೆ ಹೋಗಿ ಬಂದು, ನಡುವೆ ಒಂದೆರಡು ವರ್ಷ ಕಳೆದುಕೊಂಡು ಮತ್ತೆ ಶಾಲೆಗೆ ಕೂತ ಮಕ್ಕಳು ಬೇಕಾದಷ್ಟಿದ್ದಾರೆ. ಅವರ ತರಗತಿಗೂ ಕಾಲಿಗೂ ಸಂಬಂಧವೇ ಇರುವುದಿಲ್ಲ.

2015-16ರಲ್ಲಿ ಶುರುವಾದಾಗ ಜನ ಇದಕ್ಕೆ ಶೂ ಭಾಗ್ಯ ಎಂದರು. ಕೋವಿಡ್ ಕಾಲದಲ್ಲಿ ನಿಂತುಹೋಗಿತ್ತು. 2022ರಲ್ಲಿ ಶಾಲೆ ಶುರುವಾದದ್ದು ಮೇ 16ಕ್ಕೆ. ಬೂಟಿಗೆಂದು 132 ಕೋಟಿ ರೂಪಾಯಿ ಮಂಜೂರಾದದ್ದು ಜುಲೈನಲ್ಲಿ, ಅದೂ ರಾಜಕೀಯ ಗದ್ದಲ ಎದ್ದ ಮೇಲೆ. ಇದಕ್ಕೂ ಮೊದಲು 2019ರಲ್ಲಿ ಪಕ್ಕದ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬನ ಅರ್ಜಿಯ ಮೇಲೆ ಹೈಕೋರ್ಟು ಎರಡು ಜೊತೆ ಸಮವಸ್ತ್ರದೊಂದಿಗೆ ಬೂಟು, ಕಾಲುಚೀಲ ಕೊಡಿ ಎಂದು ಹೇಳಬೇಕಾಯಿತು. ಇಷ್ಟೆಲ್ಲ ಆದರೂ ಚರ್ಚೆ ನಡೆದದ್ದು ಕೊಟ್ಟರೋ ಇಲ್ಲವೋ, ಎಷ್ಟು ಕೋಟಿ, ಯಾವ ತಿಂಗಳು ಎಂಬುದರ ಸುತ್ತಲೇ. ಕೊಟ್ಟ ಬೂಟು ಮಗುವಿನ ಕಾಲಿಗೆ ಹತ್ತಿತೋ ಇಲ್ಲವೋ ಎಂದು ವಿಧಾನಸೌಧದಲ್ಲಿ ಕೇಳಿದವರು ಕಡಿಮೆ.

ಯೋಜನೆಯ ಒಳ್ಳೆಯ ಗುಣವನ್ನು ಮೊದಲು ಹೇಳಿಬಿಡುತ್ತೇನೆ. ಈ ಸೀಮೆಯಲ್ಲಿ ಕಾಲಿಗೆ ಮೆಟ್ಟುವುದು ಬರೀ ಮುಳ್ಳು–ಬಿಸಿಲಿನ ಪ್ರಶ್ನೆ ಆಗಿರಲಿಲ್ಲ. ಮೇಲ್ಜಾತಿಯವರ ಓಣಿ ಹಾಯುವಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಡೆದ ಹಿರಿಯರು ಇನ್ನೂ ಬದುಕಿದ್ದಾರೆ. ಅಂಥ ಅಜ್ಜನ ಮೊಮ್ಮಗಳು, ಗೌಡರ ಮೊಮ್ಮಗಳು ಒಂದೇ ಬಗೆಯ ಕಪ್ಪು ಬೂಟು ಹಾಕಿಕೊಂಡು ಒಂದೇ ಸಾಲಿನಲ್ಲಿ ಪ್ರಾರ್ಥನೆಗೆ ನಿಲ್ಲುತ್ತಾರೆ. ಇದರ ಬೆಲೆಯನ್ನು ರೂಪಾಯಿಯಲ್ಲಿ ಕಟ್ಟಲಾಗದು. ಬರಿಗಾಲೇ ಆರೋಗ್ಯಕ್ಕೆ ಒಳ್ಳೆಯದು ಎಂದು ಎಸಿ ಕೋಣೆಯಲ್ಲಿ ಕೂತು ಬರೆಯುವವರು ಒಮ್ಮೆ ಏಪ್ರಿಲ್ ತಿಂಗಳ ಮಧ್ಯಾಹ್ನ ದೇವದುರ್ಗದ ಎರಿ ಹೊಲದ ಬದುವಿನ ಮೇಲೆ, ಬಳ್ಳಾರಿ ಜಾಲಿಯ ಮುಳ್ಳಿನ ನಡುವೆ ನಡೆದು ನೋಡಲಿ. ಕೊಕ್ಕೆಹುಳು ದೇಹ ಹೊಗುವುದು ಬರಿಗಾಲಿನ ಚರ್ಮದ ಮೂಲಕ. ಹೊಟ್ಟೆ ಸೇರಿದ ಮೇಲೆ ಅದು ಹೀರುವುದು ರಕ್ತವನ್ನು. ಮಕ್ಕಳಿಗೆ ಮೆಟ್ಟು ಬೇಕು, ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು ಒಳ್ಳೆಯ ಗುಣ, ಖರೀದಿಯ ರೀತಿ. ಬೆಂಗಳೂರಿನಲ್ಲಿ ಒಂದೇ ಟೆಂಡರ್ ಕರೆದು ಲಾರಿಯಲ್ಲಿ ತುಂಬಿ ಕಳಿಸುವ ಬದಲು, ಹಣವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ಬಿಟ್ಟಿದ್ದಾರೆ. ಮಾನ್ವಿಯ ಹಳ್ಳಿಯ ಶಾಲೆ ಮಾನ್ವಿಯ ಅಂಗಡಿಯಲ್ಲೇ ಕೊಳ್ಳಬಹುದು, ಬೇಡವಾದರೆ ರಾಯಚೂರಿನ ತೀನ್ ಕಂದೀಲ್ ಕಡೆಯ ಸಗಟು ವ್ಯಾಪಾರಿಯ ಬಳಿ ಹೋಗಬಹುದು. ಹತ್ತಿರದ ಅಂಗಡಿಯಾದರೆ ಹತ್ತದ ಬೂಟನ್ನು ವಾಪಸ್ ಒಯ್ದು ಬದಲಿಸಿಕೊಂಡು ಬರಬಹುದು. ಕಾಗದದ ಮೇಲೆ ಇದು ಬಹಳ ಸರಿಯಾದ ವ್ಯವಸ್ಥೆ. ಕೆಡುವುದು ಅದಕ್ಕೂ ಹಿಂದಿನ ಒಂದು ಹೆಜ್ಜೆಯಲ್ಲಿ.

ಆ ಹೆಜ್ಜೆ ಅಳತೆ ತೆಗೆಯುವುದು. ಸಾಮಾನ್ಯವಾಗಿ ನಡೆಯುವುದು ಹೀಗೆ: ಹಾಜರಿ ಪುಸ್ತಕ ತೆರೆದು ಮೇಷ್ಟ್ರು ಹೆಸರು ಕೂಗುತ್ತಾರೆ, "ನಿಂದೆಷ್ಟು ನಂಬರ್?" ಹುಡುಗಿ ಸುಮ್ಮನೆ ನಿಲ್ಲುತ್ತಾಳೆ. ಸಂತೆಯಲ್ಲಿ ಅವ್ವ ತಂದ ರಬ್ಬರ್ ಚಪ್ಪಲಿಗೆ ನಂಬರ್ ಇತ್ತೋ ಏನೋ, ಇದ್ದರೂ ಅಷ್ಟು ಹೊತ್ತಿಗೆ ಸವೆದುಹೋಗಿರುತ್ತದೆ. ಪಕ್ಕದವಳು ಮೂರು ಅಂದರೆ ಇವಳೂ ಮೂರು. ಹಂಚುವ ದಿನ ಅಂಗಳದಲ್ಲಿ ಡಬ್ಬಿಗಳ ರಾಶಿ. ಒಬ್ಬ ಹುಡುಗ ಬೂಟಿನೊಳಗೆ ಕಾಲು ತುರುಕಿ, ಹಿಮ್ಮಡಿ ಒಳಗೆ ಹೋಗದೆ, ಹಿಂದಿನ ಗೋಡೆಯನ್ನು ಮಡಚಿ ತುಳಿದು ಚಪ್ಪಲಿ ಮಾಡಿಕೊಂಡಿರುತ್ತಾನೆ. ಇನ್ನೊಬ್ಬಳ ಬೂಟಿನ ಮುಂಗಾಲಲ್ಲಿ ಎರಡು ಬೆರಳು ಹಿಡಿಸುವಷ್ಟು ಜಾಗ. ನಡೆದರೆ ಟಪ್ ಟಪ್ ಸಪ್ಪಳ. "ಸರ್, ಬೂಟು ಕಚ್ಚಾಕತ್ತಾವ್ರಿ" ಎಂದವನಿಗೆ ಸಿಗುವ ಉತ್ತರ, "ಹೊಸದು ಹಂಗೇ, ಹಾಕ್ಕೋತ ಹೋದ್ರ ಸರಿ ಹೋಗ್ತಾವ." ಆಮೇಲೆ ಮಕ್ಕಳು ತಮ್ಮ ತಮ್ಮಲ್ಲೇ ಅದಲುಬದಲು ಶುರುಮಾಡುತ್ತಾರೆ. ಇಲಾಖೆ ಮಾಡಬೇಕಾದ ಕೆಲಸವನ್ನು ಅರ್ಧ ತಾಸಿನಲ್ಲಿ ಅವರೇ ಸ್ವಲ್ಪಮಟ್ಟಿಗೆ ಮುಗಿಸುತ್ತಾರೆ. ಉಳಿದವರ ಬೂಟು ಮನೆಯ ಗೂಟಕ್ಕೆ ನೇತು ಬೀಳುತ್ತದೆ, ಆಗಸ್ಟ್ 15ಕ್ಕೆ ಒಮ್ಮೆ, ಜನವರಿ 26ಕ್ಕೆ ಒಮ್ಮೆ ಇಳಿಯುತ್ತದೆ.

ನಂಬರ್ ಎಂಬುದೇ ಗೊಂದಲದ ಗೂಡು. ನಮ್ಮಲ್ಲಿ ನಡೆಯುವುದು ಇಂಗ್ಲಿಷರ ಲೆಕ್ಕ: ಒಂದು ನಂಬರಿಗೂ ಮುಂದಿನ ನಂಬರಿಗೂ ಒಂದು ಅಂಗುಲದ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ. ಮಕ್ಕಳ ನಂಬರ್ 13ರವರೆಗೆ ಹೋಗಿ ಮತ್ತೆ 1ರಿಂದ ಶುರು. ಆ ತಿರುವು ಬರುವುದು ಸರಿಯಾಗಿ ಪ್ರಾಥಮಿಕ ಶಾಲೆಯ ವಯಸ್ಸಿನಲ್ಲೇ. ಹಾಗಾಗಿ ಎರಡನೇ ತರಗತಿಯ ಹುಡುಗನದು 12, ಅವನ ಅಕ್ಕನದು 1! ಪಟ್ಟಿ ಬರೆಯುವ ಮೇಷ್ಟ್ರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಅವರಿಗೆ ಜಾತಿಗಣತಿಯಿಂದ ಮೊಟ್ಟೆಯ ಲೆಕ್ಕದವರೆಗೆ ಬೇರೆ ನೂರು ಕೆಲಸ ಹಚ್ಚಿದ್ದಾರೆ, ಅವರನ್ನು ಬೈದು ಉಪಯೋಗವಿಲ್ಲ.

ಇದರ ಮೇಲೆ ನಮ್ಮೆಲ್ಲರ ಮನೆಯ ನಂಬಿಕೆ ಒಂದಿದೆ: ಬೆಳೆಯುವ ಮಕ್ಕಳು, ಒಂದು ನಂಬರ್ ದೊಡ್ಡದೇ ಇರಲಿ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೆಬ್ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನ ಅಗಲ, ಸುಮಾರು ಒಂದು ಸೆಂಟಿಮೀಟರ್ ಜಾಗ ಇರಲೇಬೇಕು; ಪ್ರಾಥಮಿಕ ಶಾಲೆಯ ಮಗುವಿನ ಪಾದ ವರ್ಷವೊಂದರಲ್ಲಿ ಬೆಳೆಯುವುದೂ ಹೆಚ್ಚೂಕಡಿಮೆ ಅಷ್ಟರೊಳಗೇ. ಅಂದರೆ ಸರಿಯಾಗಿ ಅಳೆದು ಆ ಒಂದು ಸೆಂಟಿಮೀಟರ್ ಬಿಟ್ಟರೆ ಆ ವರ್ಷದ ಬೆಳವಣಿಗೆ ಬಹುಪಾಲು ಅದರಲ್ಲೇ ಹಿಡಿಸುತ್ತದೆ. ಅಂದಾಜಿನಲ್ಲಿ ಮೇಷ್ಟ್ರು ಒಂದು ನಂಬರ್ ಏರಿಸಿ, ಅಂಗಡಿಯವನು ಇನ್ನೊಂದು ಏರಿಸಿ, ಸ್ಟಾಕಿನಲ್ಲಿ ಇದ್ದದ್ದನ್ನೇ ತುಂಬಿ ಕಳಿಸಿದಾಗ ಎರಡು ನಂಬರ್, 17 ಮಿಲಿಮೀಟರ್ ಹೆಚ್ಚಾಗುತ್ತದೆ. ಆಗ ಪ್ರತಿ ಹೆಜ್ಜೆಗೂ ಹಿಮ್ಮಡಿ ಏರಿ ಇಳಿದು ಉಜ್ಜಿ ಬೊಬ್ಬೆ ಏಳುತ್ತದೆ, ಬೂಟು ಕಳಚದಿರಲೆಂದು ಮಗು ಬೆರಳುಗಳನ್ನು ಮುದುಡಿ ನೆಲ ಹಿಡಿಯುವ ಹಾಗೆ ನಡೆಯುತ್ತದೆ. ಸಣ್ಣದಾದರೆ ಮಗು ಅಳುತ್ತದೆ, ದೊಡ್ಡವರಿಗೆ ತಿಳಿಯುತ್ತದೆ. ದೊಡ್ಡದಾದರೆ ಅಳುವುದಿಲ್ಲ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ.

ಮಂಜುಗಡ್ಡೆಯ ಮೇಲೆ ಆಡುವ ಫಿಗರ್ ಸ್ಕೇಟಿಂಗ್ ಕಲಿಸುವ ದೇಶಗಳಲ್ಲಿ ಮಕ್ಕಳಿಗೆ ಬೂಟು ಕೊಡಿಸುವ ಪದ್ಧತಿ ಓದಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು. (ರಾಯಚೂರಿನಲ್ಲಿ ಮಂಜುಗಡ್ಡೆ ಅಂದರೆ ಸೋಡಾ ಬಂಡಿಯದೇ, ಆ ಮಾತು ಬೇರೆ.) ಅಲ್ಲಿ ಮಗುವನ್ನು ನಿಲ್ಲಿಸಿ, ಎರಡೂ ಪಾದವನ್ನು ಮಿಲಿಮೀಟರ್‌ನಲ್ಲಿ ಅಳೆದು, ದೊಡ್ಡ ಪಾದದ ಅಳತೆ ಹಿಡಿಯುತ್ತಾರೆ; ಮುಂಗಾಲಿನ ಅಗಲ ಬೇರೆ ಬರೆದುಕೊಳ್ಳುತ್ತಾರೆ. ಬೂಟು ಹಾಕಿ ಲೇಸ್ ಕಟ್ಟಿ ಮೊಣಕಾಲು ಮಡಚಿಸಿ, ಹಿಮ್ಮಡಿ ಎದ್ದು ಬರುತ್ತದೋ ನೋಡುತ್ತಾರೆ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ಕೇಳುವ ತಾಯಿಗೆ ತರಬೇತುದಾರರು ಕೈಮುಗಿದು ಬೇಡ ಅನ್ನುತ್ತಾರೆ, ಸಡಿಲ ಬೂಟಿನಲ್ಲಿ ಗಿಣ್ಣು ಹೊರಳುತ್ತದೆ ಎಂದು. ಅದು ದುಡ್ಡಿದ್ದವರ ಆಟ ನಿಜ. ಆದರೆ ಆ ಅಳತೆಗೆ ಬೇಕಾದದ್ದು ಒಂದು ಸ್ಕೇಲು, ಒಂದು ಕಾಗದ, ಒಬ್ಬ ಮನುಷ್ಯ. ಮೂರೂ ನಮ್ಮ ಶಾಲೆಯಲ್ಲಿವೆ.

ನನ್ನ ದೊಡ್ಡ ತಕರಾರು ಮಾತ್ರ ಬೂಟಿನ ಆಕಾರದ ಬಗ್ಗೆ. ಇದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಇದ್ದದ್ದು ನೂರಕ್ಕೆ 8.6ರಷ್ಟು, ಹಾಕದವರಲ್ಲಿ 2.8. ಹಾಕುವವರಲ್ಲೂ ಮುಂಗಾಲು ಮುಚ್ಚುವ ಬೂಟಿನವರಲ್ಲಿ ಅದು ಹೆಚ್ಚು. ಸ್ಯಾಂಡಲ್, ಚಪ್ಪಲಿಯವರಲ್ಲಿ ಕಡಿಮೆ. ಜೋಸೆಫ್ ಅವರು ಇನ್ನೊಬ್ಬ ಸಹೋದ್ಯೋಗಿಯೊಂದಿಗೆ 1995ರಲ್ಲಿ ಬೆಳವಣಿಗೆ ಮುಗಿದ 1,846 ಜನರನ್ನು ನೋಡಿದಾಗಲೂ ಆರು ವರ್ಷಕ್ಕೆ ಮೊದಲೇ ಬೂಟು ಹಾಕಲು ಶುರುಮಾಡಿದವರಲ್ಲಿ ಚಪ್ಪಟೆ ಪಾದ ಹೆಚ್ಚು ಕಂಡಿತು. ಜಗತ್ತಿನಾದ್ಯಂತ ಮಕ್ಕಳ ಪಾದದ ಬಗ್ಗೆ ಬರೆಯುವವರು ಇವತ್ತಿಗೂ ಉಲ್ಲೇಖಿಸುವ ಕೆಲಸ ಇದು. ಒಂದನೇ ತರಗತಿಗೆ ಮುಚ್ಚಿದ ಕಪ್ಪು ಬೂಟು ಕೊಡಿಸುವಾಗ ನಾವೇ ಅದನ್ನು ಓದಿಲ್ಲ. ಚಪ್ಪಟೆ ಪಾದವೆಲ್ಲ ರೋಗವಲ್ಲ, ಎಷ್ಟೋ ಜನರಿಗೆ ಅದರಿಂದ ತೊಂದರೆಯೇ ಇಲ್ಲ, ಅದನ್ನೂ ಹೇಳಬೇಕು. ಆದರೆ ಎಳೆಯ ಪಾದಕ್ಕೆ ತೆರೆದ ಮುಂಗಾಲಿನ ಸ್ಯಾಂಡಲ್ ಮೇಲು ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಪುರಾವೆ ಬೇಕಿಲ್ಲ.

ಹವಾಮಾನವೂ ಅದನ್ನೇ ಹೇಳುತ್ತದೆ. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ಬಯಲಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ರೆಕ್ಸಿನ್ ಬೂಟು, ನೈಲಾನ್ ಕಾಲುಚೀಲದೊಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ಬೆವತ ಕಾಲಿನ ಬೆರಳಸಂದು ಬೆಳ್ಳಗೆ ಬೆಂದಂತಾಗಿರುತ್ತದೆ. ಮಳೆಗಾಲದಲ್ಲಿ ಎರಿಮಣ್ಣು ಮೆತ್ತಿಕೊಂಡರೆ ಒಂದೊಂದು ಬೂಟು ಸೇರು ತೂಕ. ಸ್ಥಳೀಯ ಹವಾಮಾನ ನೋಡಿಕೊಂಡು ಶೂ ಬದಲಿಗೆ ಸ್ಯಾಂಡಲ್ ಕೊಳ್ಳಲು ಇಲಾಖೆಯ ಮಾರ್ಗಸೂಚಿಯಲ್ಲಿ ಅವಕಾಶ ಬಂದಿದೆ. ಇದು ಒಳ್ಳೆಯ ತಿದ್ದುಪಡಿ. ಆದರೂ ಪಾಲಕರಿಗೆ ಬೂಟೇ ಬೇಕು. ಖಾಸಗಿ ಶಾಲೆಯ ಮಕ್ಕಳ ಹಾಗೆ ಕಾಣಬೇಕೆಂಬ ಆಸೆ. ಆ ಆಸೆಯನ್ನು ನಾನು ಹಗುರಾಗಿ ಕಾಣಲಾರೆ, ಮೇಲೆ ಹೇಳಿದ ಓಣಿಯ ಕಥೆ ಅದರ ಹಿಂದಿದೆ. ಹಿಮ್ಮಡಿಗೆ ಪಟ್ಟಿ ಇರುವ, ಗಿಣ್ಣಿನ ಮೇಲೆ ಬಿಗಿಯುವ ಗಟ್ಟಿ ಸ್ಯಾಂಡಲ್ ಎಲ್ಲ ಮಕ್ಕಳಿಗೂ ಒಂದೇ ತೆರನಾಗಿ ಕೊಟ್ಟರೆ ಮಾನವೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ. ಪಟ್ಟಿಯನ್ನು ಸಡಿಲಿಸಬಹುದು, ಬಿಗಿಸಬಹುದು. ಬೆಳೆಯುವ ಕಾಲಿಗೆ ಅದೂ ಒಂದು ಅನುಕೂಲ.

ಅಗಲದ ಪ್ರಶ್ನೆ ಉಳಿಯಿತು. ನಮ್ಮ ಮಕ್ಕಳಿಗೆ ಬೂಟು ಕಚ್ಚುವುದು ಬಹಳ ಸಲ ಉದ್ದದಿಂದಲ್ಲ, ಕಿರುಬೆರಳ ಬದಿಯಿಂದ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ 1,01,880 ಜನರ ಪಾದ ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರದಕ್ಕಿಂತ ಅಗಲ ಎಂದು ಕಂಡುಬಂತು. ಹುಡುಗಿಯರ ಪಾದದ ಬೆಳವಣಿಗೆ 11ನೇ ವಯಸ್ಸಿನ ಸುಮಾರಿಗೆ, ಹುಡುಗರದು 15–16ಕ್ಕೆ ತುದಿ ಮುಟ್ಟುತ್ತದೆ ಎಂದೂ ತಿಳಿಯಿತು. ಅದರಿಂದ ಹುಟ್ಟಿದ ಭಾರತೀಯ ಅಳತೆಯ ಹೆಸರು 'ಭಾ'. ಅದರಲ್ಲಿ ವಯಸ್ಸಿನ ಪ್ರಕಾರ ಎಂಟು ಗುಂಪು. ಅವುಗಳಲ್ಲಿ ಕೆಲವು: 4ರಿಂದ 6, 7ರಿಂದ 11, ಆಮೇಲೆ ಹುಡುಗಿಯರಿಗೆ 12–13, ಹುಡುಗರಿಗೆ 12ರಿಂದ 14. ಇಲಾಖೆಯ ಮೂರು ದರಪಟ್ಟಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ, ಯಾರು ಪಾದ ನೋಡಿ ಗೆರೆ ಎಳೆದರು, ಯಾರು ರಿಜಿಸ್ಟರ್ ನೋಡಿ ಎಳೆದರು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಲಕ್ಷಗಟ್ಟಲೆ ಜೊತೆ ಕೊಳ್ಳುವ ರಾಜ್ಯವೊಂದು ಭಾರತೀಯ ಅಳತೆಯ ಅಗಲ ಬೂಟೇ ಬೇಕು ಎಂದು ಷರತ್ತು ಹಾಕಿದರೆ ಕಾರ್ಖಾನೆಗಳು ಮಾಡದೆ ಎಲ್ಲಿಗೆ ಹೋಗುತ್ತವೆ? 1976ರಿಂದ ಇರುವ ಲಿಡ್ಕರ್ ಎಂಬ ಸರ್ಕಾರದ್ದೇ ಚರ್ಮ ನಿಗಮಕ್ಕೂ ಕೆಲಸ ಸಿಕ್ಕೀತು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಸಮಗಾರರು ತಲೆಮಾರುಗಳಿಂದ ಮಾಡಿದ್ದನ್ನೇ ಮಾಡಿದರೆ ಸಾಕು: ಗಿರಾಕಿಯನ್ನು ಹಾಳೆಯ ಮೇಲೆ ನಿಲ್ಲಿಸಿ, ಪೆನ್ಸಿಲ್ ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯುವುದು. ಕೂತರೆ ಆಗದು, ಭಾರ ಬಿದ್ದಾಗಲೇ ಪಾದ ಹರಡುವುದು. ಬೆಳಿಗ್ಗೆಗಿಂತ ಮಧ್ಯಾಹ್ನ ಮೇಲು, ದಿನವಿಡೀ ಓಡಾಡಿದ ಕಾಲು ತುಸು ಉಬ್ಬಿರುತ್ತದೆ. ಎರಡೂ ಕಾಲಿನದು ತೆಗೆದು ದೊಡ್ಡದನ್ನು ಹಿಡಿಯಬೇಕು. ಹಾಳೆಯ ಮೇಲೆ ಹೆಸರು, ತರಗತಿ. ಕತ್ತರಿಸಿದ ಆ ಕಾಗದವನ್ನು ಅಂಗಡಿಯಲ್ಲಿ ಬೂಟಿನೊಳಗೆ ಇಟ್ಟಾಗ ಅಂಚು ಎಲ್ಲೂ ಮಡಚಬಾರದು, ಮುಂದೆ ಹೆಬ್ಬೆಟ್ಟಿನಷ್ಟು ಜಾಗ ಉಳಿಯಬೇಕು. ಐದನೇ ತರಗತಿಯ ಮಕ್ಕಳಿಗೆ ಇದು ಗಣಿತದ ಪಾಠವೂ ಹೌದು, ಅವರೇ ಸಣ್ಣವರ ಗೆರೆ ಎಳೆದಾರು.

ಒಟ್ಟಿನಲ್ಲಿ ನನ್ನ ತೀರ್ಪು ಇಷ್ಟೇ: ಯೋಜನೆ ಬೇಕು, ಖರೀದಿಯ ರೀತಿ ಸರಿ, ದರಪಟ್ಟಿ ತಪ್ಪು, ಕೆಳಗಿನ ತರಗತಿಗಳಿಗೆ ಮುಚ್ಚಿದ ಬೂಟು ತಪ್ಪು, ಅಳತೆ ಎಂಬುದು ಇಲ್ಲವೇ ಇಲ್ಲ. ದರ ಬದಲಾಗಲು ಬೆಂಗಳೂರಿನ ಸಹಿ ಬೇಕು. ಅಳತೆಗೆ ಯಾರ ಸಹಿಯೂ ಬೇಡ. ದೇವದುರ್ಗ, ಮಾನ್ವಿ, ರಾಯಚೂರಿನ ಎಸ್‌ಡಿಎಂಸಿ ಸದಸ್ಯರಲ್ಲಿ ನನ್ನ ಕೋರಿಕೆ: ಮುಂದಿನ ಸಲ ಅಂಗಡಿಗೆ ಹೋಗುವಾಗ ನಂಬರಿನ ಪಟ್ಟಿ ಒಯ್ಯಬೇಡಿ, ಮಕ್ಕಳ ಪಾದದ ಹಾಳೆಗಳನ್ನು ಒಯ್ಯಿರಿ, ಹತ್ತದ ಜೊತೆಯನ್ನು ಹದಿನೈದು ದಿನದೊಳಗೆ ಬದಲಿಸಿ ಕೊಡುತ್ತೇನೆಂದು ಬಿಲ್ಲಿನ ಮೇಲೆ ಬರೆಸಿಕೊಂಡೇ ಹಣ ಕೊಡಿ.