ಅವಳಿಗೆ ಮಾತ್ರ ಮರೆವು

ಸೂಪರ್‌ಹೀರೋ ಸೀರಿಯಲ್‌ಗಳಲ್ಲಿ ಹೆಣ್ಣನ್ನು ಗೌರವದಿಂದ ಕಂಡ ಪ್ರೇಮಕಥೆ ಯಾವುದು ಎಂದು ಕೇಳಿದರೆ ಬಹಳ ಮಂದಿ ‘ದಿ ಫ್ಲ್ಯಾಶ್’ ಕಡೆ ಕೈ ತೋರಿಸುತ್ತಾರೆ. ಬ್ಯಾರಿ ಆಲನ್ ಮೆದು ಮನಸ್ಸಿನ ಹುಡುಗ, ಅಳಲು ನಾಚುವವನಲ್ಲ, ಬಾಲ್ಯದಿಂದ ಒಬ್ಬಳನ್ನೇ ಪ್ರೀತಿಸಿದವನು. ಅದೇ ಸಿಡಬ್ಲ್ಯೂ ವಾಹಿನಿಯ ‘ಆ್ಯರೋ’ದಲ್ಲಿ ಆಲಿವರ್ ಕ್ವೀನ್ ಮುಖ ಗಂಟಿಕ್ಕಿಕೊಂಡು ಒಬ್ಬಳಿಂದ ಇನ್ನೊಬ್ಬಳ ಕಡೆಗೆ ಹೋಗುತ್ತಿದ್ದ. ಅವನ ಪಕ್ಕದಲ್ಲಿ ನಿಲ್ಲಿಸಿದರೆ ಬ್ಯಾರಿ ದೇವರಂಥವನು. 2014ರಿಂದ 2023ರವರೆಗೆ 184 ಕಂತು ಓಡಿದ ಈ ಸೀರಿಯಲ್‌ನ ಒಳ್ಳೆಯತನದ ಹೆಸರು ಇವತ್ತಿಗೂ ಮಾಸಿಲ್ಲ. ಮಾಸಬೇಕು ಎಂಬುದು ನನ್ನ ಅಭಿಪ್ರಾಯ. ನಾಯಕ ಒಳ್ಳೆಯವನೆಂಬ ಕಾರಣಕ್ಕೇ ಇಲ್ಲಿ ನಾಯಕಿಗಾದ ಅನ್ಯಾಯ ಯಾರ ಕಣ್ಣಿಗೂ ಬೀಳಲಿಲ್ಲ.

ಸಿಡಿಲು ಬಡಿದು ಕೋಮಾಕ್ಕೆ ಜಾರಿದ ಬ್ಯಾರಿ ಮಿಂಚಿನ ವೇಗದೊಂದಿಗೆ ಎದ್ದದ್ದು, ಸ್ಟಾರ್ ಲ್ಯಾಬ್ಸ್ ಎಂಬ ಪ್ರಯೋಗಾಲಯದ ಗೆಳೆಯರ ಜೊತೆ ಗುಟ್ಟಾಗಿ ಫ್ಲ್ಯಾಶ್ ಆದದ್ದು ಎಲ್ಲ ಗೊತ್ತಿರುವುದೇ. ನೇರವಾಗಿ ಮೊದಲ ಸೀಸನ್‌ನ 15ನೇ ಕಂತಿಗೆ ಬರೋಣ. 2015ರ ಮಾರ್ಚ್‌ನಲ್ಲಿ ಪ್ರಸಾರವಾದ ‘ಔಟ್ ಆಫ್ ಟೈಮ್’ ಅದು. ಊರಿನ ಮೇಲೆ ಸುನಾಮಿ ಬರುತ್ತಿದೆ. ನೀರಿನ ದಡದಲ್ಲಿ ಬ್ಯಾರಿಯ ಬಾಲ್ಯದ ಪ್ರೀತಿ ಐರಿಸ್ ವೆಸ್ಟ್ ಅವನಿಗೆ ತನ್ನ ಮನಸ್ಸು ಹೇಳುತ್ತಾಳೆ, ಇಬ್ಬರೂ ಮುತ್ತಿಡುತ್ತಾರೆ. ಊರು ಉಳಿಸಲು ಓಡಲೇಬೇಕಾದ ಬ್ಯಾರಿ ಅವಳ ಕಣ್ಣೆದುರಿಗೇ ಕೆಂಪು ವೇಷಕ್ಕೆ ಬದಲಾಗುತ್ತಾನೆ. ಹದಿನಾಲ್ಕು ಕಂತುಗಳ ಮುಚ್ಚುಮರೆ ಒಂದೇ ದೃಶ್ಯದಲ್ಲಿ ಬಗೆಹರಿಯಿತು ಎನ್ನುವಷ್ಟರಲ್ಲಿ, ದಡದುದ್ದಕ್ಕೂ ಓಡುವ ರಭಸಕ್ಕೆ ಅವನು ಒಂದು ದಿನ ಹಿಂದಕ್ಕೆ ಹೋಗಿ ಬೀಳುತ್ತಾನೆ. ಆ ದಿನ ನಡೆದೇ ಇಲ್ಲವೆಂದಾಯಿತು. ಅವಳ ಮಾತು, ಅವಳ ಮುತ್ತು, ಅವಳು ಕಂಡ ಸತ್ಯ ಎಲ್ಲವೂ ಅಳಿಸಿಹೋದವು. ಬ್ಯಾರಿಗೆ ಮಾತ್ರ ಎಲ್ಲವೂ ನೆನಪಿದೆ. ನಮಗೂ.

ಇದನ್ನು ಎದೆ ಝಲ್ಲೆನಿಸುವ ತಿರುವು ಎಂದು ಹೊಗಳಿದವರು ಮುಂದಿನ ಕಂತನ್ನು ನಿಧಾನವಾಗಿ ನೋಡಬೇಕಿತ್ತು. ಬ್ಯಾರಿ ಐರಿಸ್ ಎದುರು ನಿಂತು ನಿನಗೂ ನನ್ನ ಮೇಲೆ ಪ್ರೀತಿಯಿದೆ, ನನಗದು ಗೊತ್ತು ಎಂಬ ಧಾಟಿಯಲ್ಲಿ ಮಾತಾಡುತ್ತಾನೆ. ಅವನಿಗೆ ಆ ಧೈರ್ಯ ಎಲ್ಲಿಂದ ಬಂತು? ಅವಳೇ ಕೊಟ್ಟದ್ದು. ಆದರೆ ಕೊಟ್ಟ ಅರಿವು ಅವಳಲ್ಲಿ ಇಲ್ಲ. ಅವಳು ಇಲ್ಲ ಎನ್ನುತ್ತಾಳೆ. ಆ ಇಲ್ಲಕ್ಕೆ ಪ್ರೇಕ್ಷಕರ ಲೆಕ್ಕದಲ್ಲಿ ಕಿಂಚಿತ್ತೂ ತೂಕವಿಲ್ಲ, ಏಕೆಂದರೆ ಅವಳ ‘ನಿಜವಾದ’ ಉತ್ತರವನ್ನು ನಾವು ಆಗಲೇ ಕೇಳಿಸಿಕೊಂಡಿದ್ದೇವೆ. ಹೆಣ್ಣಿನ ನಿರಾಕರಣೆಯನ್ನು ಟೊಳ್ಳಾಗಿಸಲು ಇದಕ್ಕಿಂತ ನಾಜೂಕಾದ ಉಪಾಯ ನಾನು ಕಂಡಿಲ್ಲ. ಸಾಲದ್ದಕ್ಕೆ, ಪ್ರಸಂಗ ಕೆಟ್ಟಾಗ ಸ್ಟಾರ್ ಲ್ಯಾಬ್ಸ್‌ನ ಗೆಳತಿ ಕೇಟ್ಲಿನ್ ಮುಂದೆ ಬಂದು ಐರಿಸ್‌ಗೂ ಅವಳ ಪ್ರಿಯಕರ ಎಡ್ಡಿಗೂ ಒಂದು ವೈದ್ಯಕೀಯ ಕಥೆ ಕಟ್ಟುತ್ತಾಳೆ: ಸಿಡಿಲು ಬಡಿದದ್ದರ ಪರಿಣಾಮವಾಗಿ ಬ್ಯಾರಿಯ ತಲೆ ಸ್ವಲ್ಪ ಹಾಗಾಗಿದೆ, ಅಷ್ಟೆ. ನಡೆದ ಸತ್ಯವೊಂದನ್ನು ಕಾಯಿಲೆಯೆಂದು ಅವಳಿಗೆ ನಂಬಿಸಲಾಗುತ್ತದೆ. ದೃಶ್ಯವನ್ನು ತೆಗೆದಿರುವುದು ನಗೆಯ ಲಹರಿಯಲ್ಲಿ.

ಮರೆವಿನ ಪ್ರೇಮಕಥೆ ನಮಗೇನೂ ಹೊಸದಲ್ಲ. ಮಹಾಭಾರತದ ದುಷ್ಯಂತ ಗೊತ್ತಿದ್ದೂ ಶಕುಂತಲೆಯನ್ನು ಅಲ್ಲಗಳೆದ. ಅವನ ಮಾನ ಉಳಿಸಲು ಕಾಳಿದಾಸ ದೂರ್ವಾಸರ ಶಾಪ ತಂದ ಎಂಬುದು ಹಳೆಯ ಚರ್ಚೆ. ಆದರೂ ಕಾಳಿದಾಸನ ರಾಜ ಉಂಗುರ ಸಿಕ್ಕ ಮೇಲೆ ಒಂದು ಇಡೀ ಅಂಕ ಕೊರಗುತ್ತಾನೆ. ಮರೆತದ್ದಕ್ಕೆ ತೆರಬೇಕಾದ್ದನ್ನು ತೆರುತ್ತಾನೆ. ‘ಫ್ಲ್ಯಾಶ್’ನಲ್ಲಿ ಮರೆವು ಹೆಣ್ಣಿಗೆ, ಅದರ ಲಾಭ ಗಂಡಿಗೆ, ಕೊರಗು ಯಾರಿಗೂ ಇಲ್ಲ.

ಕಾಲ ಹಿಂದೆ ಸರಿದ ಮೇಲೆ ನೆನಪು ಹೋಗುವುದು ಕಥೆಯ ನಿಯಮ ತಾನೇ ಎನ್ನುವವರಿಗೆ 20ನೇ ಕಂತು ‘ದ ಟ್ರ್ಯಾಪ್’ ಉತ್ತರ ಕೊಡುತ್ತದೆ. ಅಳಿಸಿಹೋದ ಅದೇ ದಿನ ಬ್ಯಾರಿಯ ಗೆಳೆಯ ಸಿಸ್ಕೋ ರಮೋನನನ್ನು ಖಳ ವೆಲ್ಸ್ ಕೊಂದಿದ್ದ. ಆ ಸಾವು ಸಿಸ್ಕೋಗೆ ಕನಸಿನಲ್ಲಿ ಮರಳುತ್ತದೆ. ಗೆಳೆಯರು ಅದನ್ನು ನಂಬುತ್ತಾರೆ, ಕನಸನ್ನು ಹೊಕ್ಕು ನೋಡಲು ಒಂದು ಯಂತ್ರವನ್ನೇ ಹೊಂದಿಸುತ್ತಾರೆ, ಖಳನ ಗುಟ್ಟು ಅಲ್ಲಿಂದ ಹೊರಬರುತ್ತದೆ. ಸಿಸ್ಕೋನ ಮಿದುಳಿಗೆ ವಿಶೇಷ ಶಕ್ತಿಯಿತ್ತು ಎಂದು ಆಮೇಲೆ ಸಮಜಾಯಿಷಿ ಬಂತು, ಸರಿ. ಆದರೆ ಆ ಶಕ್ತಿಯನ್ನು ಹಂಚಿದವರು ಬರಹಗಾರರೇ. ಒಂದೇ ದಿನದ ಎರಡು ನೆನಪುಗಳಲ್ಲಿ ಕಥೆಗೆ ಬೇಕಾದ ಗಂಡಿನ ನೆನಪು ಮರಳಿತು, ಹೆಣ್ಣಿನದು ಮರಳಲಿಲ್ಲ.

ಗುಟ್ಟು ಐರಿಸ್‌ನ ಸುರಕ್ಷತೆಗಾಗಿ ಎಂಬ ನೆವವೂ ನಿಲ್ಲುವುದಿಲ್ಲ. ಅವಳಿಗೆ ಹೇಳಬಾರದೆಂದು ಮೊದಲ ಕಂತಿನಲ್ಲೇ ಬ್ಯಾರಿಯಿಂದ ಮಾತು ತೆಗೆದುಕೊಂಡವನು ಅವಳ ತಂದೆ ಜೋ. 17ನೇ ಕಂತಿನಲ್ಲಿ ಎಡ್ಡಿಗೂ ಸತ್ಯ ತಿಳಿಸುತ್ತಾರೆ. ಏಕೆ? ಕಾಣೆಯಾದ ಸಹೋದ್ಯೋಗಿಯ ಜಾಡು ಹಿಡಿದ ಐರಿಸ್‌ಳನ್ನು ಅವನು ತಡೆಯಲಿ ಎಂದು. ಪತ್ರಕರ್ತೆಯೊಬ್ಬಳ ವೃತ್ತಿಗೆ ಅಪ್ಪ, ಪ್ರಿಯಕರ, ಗೆಳೆಯ ಮೂವರೂ ಸೇರಿ ಬೇಲಿ ಹಾಕುತ್ತಾರೆ. ಸಂಗೀತ ಮಾತ್ರ ತ್ಯಾಗದ್ದು. 1960ರ ದಶಕದ ಕಾಮಿಕ್ಸ್ ಇದಕ್ಕಿಂತ ವಾಸಿ. 1966ರಲ್ಲಿ ಮದುವೆಯಾಗಿ ಒಂದು ವರ್ಷದ ಮೇಲೆ ಬ್ಯಾರಿ ಗುಟ್ಟು ಹೇಳಲು ಹೊರಟರೆ, ಐರಿಸ್‌ಗೆ ಅದು ಆಗಲೇ ಗೊತ್ತಿರುತ್ತದೆ. ಅವನು ನಿದ್ದೆಯಲ್ಲಿ ಮಾತಾಡುತ್ತಾನೆ!

ಇಲ್ಲಿ ನನಗೆ ಸೀರಿಯಲ್‌ಗಿಂತ ಹೆಚ್ಚಾಗಿ ವಿಮರ್ಶಕರ ಮೇಲೆ ತಕರಾರಿದೆ. ಒಂದು ಗುಂಪು ಹೆಣಗಳನ್ನು ಎಣಿಸುತ್ತದೆ. ನಾಯಕನನ್ನು ಕೆರಳಿಸಲೆಂದೇ ಹೆಣ್ಣನ್ನು ಕೊಲ್ಲುವ ಕಾಮಿಕ್ಸ್ ಚಾಳಿಯನ್ನು 1999ರಲ್ಲಿ ಗೇಲ್ ಸಿಮೋನ್ ಪಟ್ಟಿ ಮಾಡಿ ತೋರಿಸಿದರು. ಫ್ರಿಜ್ಜಿನಲ್ಲಿ ಹೆಣವಾಗಿ ಸಿಕ್ಕ ಗ್ರೀನ್ ಲ್ಯಾಂಟರ್ನ್ ಎಂಬ ನಾಯಕನ ಗೆಳತಿಯಿಂದ ಆ ಪಟ್ಟಿಗೆ ಹೆಸರು ಬಂತು. ಆಗ ಅದು ಬೇಕಾಗಿದ್ದ ಕೆಲಸ. ಈಗ ಅದೇ ಉತ್ತೀರ್ಣ-ಅನುತ್ತೀರ್ಣದ ಪರೀಕ್ಷೆಯಾಗಿದೆ. ‘ಆ್ಯರೋ’ 2016ರಲ್ಲಿ ಆಲಿವರ್‌ನ ಹಳೆಯ ಪ್ರೇಯಸಿ ಲಾರೆಲ್ ಲ್ಯಾನ್ಸ್‌ಳನ್ನು ಕೊಂದಿತು, ಆದ್ದರಿಂದ ಫೇಲು. ‘ಫ್ಲ್ಯಾಶ್’ ಮೂರನೇ ಸೀಸನ್‌ನಲ್ಲಿ ಐರಿಸ್‌ನ ಸಾವನ್ನು ಮುಂಚಿತವಾಗಿ ತೋರಿಸಿ, ಕೊನೆಗೆ ಅವಳ ಜಾಗದಲ್ಲಿ ಎಚ್.ಆರ್. ಎಂಬ ಗಂಡಸನ್ನು ಸಾಯಿಸಿತು, ಆದ್ದರಿಂದ ಪಾಸು. ಉಸಿರಿದ್ದರೆ ಸಾಕೆ? ಲಾರೆಲ್‌ಗೆ ಸಾಯುವ ಮುನ್ನ ತನ್ನ ಪ್ರೀತಿಯ ಬಗ್ಗೆ ತನ್ನದೇ ನೆನಪಿನಿಂದ ಎರಡು ಮಾತು ಹೇಳುವ ಅವಕಾಶವಾದರೂ ಸಿಕ್ಕಿತ್ತು.

ಇನ್ನೊಂದು ಗುಂಪಿಗೆ ಪಾತ್ರಧಾರಿಯ ಆಯ್ಕೆಯೇ ಕೊನೆಯ ಮಾತು. ಕಾಮಿಕ್ಸ್‌ನಲ್ಲಿ ಬಿಳಿಯಳಾಗಿದ್ದ ಐರಿಸ್ ಪಾತ್ರಕ್ಕೆ ಕಪ್ಪು ನಟಿ ಕ್ಯಾಂಡಿಸ್ ಪ್ಯಾಟನ್ ಬಂದದ್ದು ದೊಡ್ಡ ಹೆಜ್ಜೆಯೇ. ಅದಕ್ಕಾಗಿ ಅವರು ಉಂಡ ಜನಾಂಗೀಯ ನಿಂದನೆಯನ್ನೂ, ತಮ್ಮ ಬೆನ್ನಿಗೆ ಯಾರೂ ನಿಲ್ಲಲಿಲ್ಲವೆಂಬ ನೋವನ್ನೂ ಅವರೇ ಮುಂದೆ ಹೇಳಿಕೊಂಡರು. ಬಾಗಿಲು ತೆರೆದವರನ್ನು ಹೊಗಳಿದ ವಿಮರ್ಶೆ, ಒಳಗೆ ಕರೆದು ಎಲ್ಲಿ ಕೂರಿಸಿದರೆಂದು ನೋಡಲಿಲ್ಲ. ಐರಿಸ್ ಪೇಲವ ಪಾತ್ರ ಎಂದು ಮೂಗು ಮುರಿದವರಂತೂ ಪಾತ್ರದಿಂದ ಏನನ್ನು ಕಿತ್ತುಕೊಳ್ಳಲಾಗಿದೆ ಎಂದು ಯೋಚಿಸಲೇ ಇಲ್ಲ. ಗೊತ್ತಿಲ್ಲದವಳು ಏನು ತಾನೆ ಮಾಡಿಯಾಳು?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಕೊನೆಗೆ ಐರಿಸ್ ಗುಟ್ಟನ್ನು ತಾನೇ ಕಂಡುಹಿಡಿಯುತ್ತಾಳೆ. ಫ್ಲ್ಯಾಶ್ ಮುಟ್ಟಿದಾಗ ಚುರುಕ್ ಎಂದ ಕಿಡಿ, ಕೋಮಾದಲ್ಲಿದ್ದ ಬ್ಯಾರಿಯ ಕೈ ಹಿಡಿದಾಗಲೂ ಹೀಗೇ ತಾಕಿತ್ತಲ್ಲ ಎಂದು ಹೊಳೆಯುವ ಆ ಕ್ಷಣದಲ್ಲಿ ಪ್ಯಾಟನ್ ಮುಖ ನೋಡಬೇಕು. ಆದರೆ ಅವಳ ಸಿಟ್ಟಿಗೆ ಸಿಕ್ಕ ಆಯುಸ್ಸು ಅರ್ಧ ಕಂತು. ಗ್ರಾಡ್ ಎಂಬ ಗೊರಿಲ್ಲಾ ಖಳನ ಎದುರು ಬ್ಯಾರಿ ಕುಸಿದಾಗ ಅವನ ಕಿವಿಯಲ್ಲಿ ಧೈರ್ಯ ತುಂಬುವ ದನಿಯಾಗಿ ಅವಳನ್ನು ನಿಲ್ಲಿಸಲಾಗುತ್ತದೆ. 2017ರ ‘ಕ್ರೈಸಿಸ್ ಆನ್ ಅರ್ಥ್-ಎಕ್ಸ್’ನಲ್ಲಿ ಅವಳ ಮದುವೆಯೂ ಅವಳದಾಗಿ ಉಳಿಯಲಿಲ್ಲ. ಕಡೆಗೂ ಮುಹೂರ್ತ ಕೂಡಿಬಂದಾಗ ‘ಆ್ಯರೋ’ದ ಫೆಲಿಸಿಟಿ ನಡುವೆ ಬಾಯಿಹಾಕಿ ತನ್ನದೂ ಆಲಿವರ್‌ನದೂ ಮದುವೆಯನ್ನು ಅದರೊಳಗೆ ಸೇರಿಸಿಬಿಟ್ಟಳು.

ಹೋಲಿಕೆಗೆ ‘ಜೆಸಿಕಾ ಜೋನ್ಸ್’ ನೋಡಿ, ಅದೂ 2015ರದ್ದೇ. ಮಾತಿನಿಂದಲೇ ಮನಸ್ಸನ್ನು ಆಳುವ ಕಿಲ್‌ಗ್ರೇವ್ ಒಂದು ವಾದ ಹೂಡುತ್ತಾನೆ: ಹದಿನೆಂಟು ಸೆಕೆಂಡು ನನ್ನ ಹಿಡಿತ ತಪ್ಪಿತ್ತು, ಆದರೂ ನೀನು ಬಿಟ್ಟು ಹೋಗಲಿಲ್ಲ. ಸೀರಿಯಲ್ ಮೊದಲು ಅವನ ನೆನಪನ್ನು ತೋರಿಸುತ್ತದೆ. ಬಳಿಕ ಅದೇ ಗಳಿಗೆ ಜೆಸಿಕಾಳ ನೆನಪಿನಿಂದ ಬರುತ್ತದೆ. ಅವಳು ಕಟ್ಟಡದ ಅಂಚಿನಲ್ಲಿ ಹಾರಿಹೋಗುವ ಕನಸು ಕಾಣುತ್ತ ನಿಂತಿದ್ದಾಳೆ, ಅಷ್ಟರಲ್ಲಿ ಅವನು ಕರೆಯುತ್ತಾನೆ, ಹಿಡಿತ ಮರಳುತ್ತದೆ. ಮಾತು ಕೇಳದ ಕಿವಿಯನ್ನು ಕತ್ತರಿಸಿಕೋ ಎಂದು ಅವನು ಆಜ್ಞೆ ಮಾಡಿದ್ದರ ಗುರುತು ಅವಳ ಕಿವಿಯ ಹಿಂದೆ ಇನ್ನೂ ಇದೆ. ನೆನಪು ಇಲ್ಲಿ ಸಾಕ್ಷ್ಯ. ಅವಳ ಸಾಕ್ಷ್ಯವನ್ನು ಸೀರಿಯಲ್ ನಂಬುತ್ತದೆ. ಜೆಸಿಕಾಳನ್ನು ಜನ ಹೊಗಳಿದ್ದು ಅವಳ ಮುಷ್ಟಿಗಾಗಿ, ಒರಟು ಬಾಯಿಗಾಗಿ. ಹೊಗಳಬೇಕಾದದ್ದು ಈ ನಂಬಿಕೆಯನ್ನು.

ಆದ್ದರಿಂದ ‘ಗಟ್ಟಿ ಹೆಣ್ಣು ಪಾತ್ರ’ ಎಂಬ ಅಳತೆಗೋಲನ್ನು ವಿಮರ್ಶೆ ಕೈಬಿಡುವುದು ಒಳ್ಳೆಯದು. 2018ರಲ್ಲಿ ಐರಿಸ್‌ಗೂ ಒಂದು ಕಂತಿನ ಮಟ್ಟಿಗೆ ಮಿಂಚಿನ ವೇಗ ಕೊಟ್ಟು ಓಡಿಸಿದರು; ಅದರಿಂದ ಯಾವ ಬಾಕಿಯೂ ತೀರಲಿಲ್ಲ. ಪ್ರೇಮದಲ್ಲಿ ಯಾರಿಗೆ ಏನು ಗೊತ್ತಿದೆ, ಗೊತ್ತಿಲ್ಲದವರ ಒಪ್ಪಿಗೆಗೆ ಬೆಲೆಯೇನು ಎಂದು ಕೇಳಿದರೆ ಸಾಕು. ಆ ಪ್ರಶ್ನೆಗೆ ‘ದಿ ಫ್ಲ್ಯಾಶ್’ನ ಮೊದಲ ಸೀಸನ್ ಬಳಿ ಉತ್ತರವಿಲ್ಲ. ಅದು ಒಳ್ಳೆಯ ಹುಡುಗನ ಕಥೆ ಇರಬಹುದು, ಒಳ್ಳೆಯ ಪ್ರೇಮಕಥೆಯಂತೂ ಅಲ್ಲ.